ನಬೀಸಾಬರ ಬತ್ತಿ

ಹುಮನಾಬಾದಿನ ಹಳೇ ಪೇಟೆಯಲ್ಲಿರುವ ನಮ್ಮ ಜ್ಯೋತಿಲಿಂಗೇಶ್ವರ ಗುಡಿಯ ನಂದಾದೀಪಕ್ಕೆ ಬತ್ತಿ ಮಾಡಿಕೊಡುತ್ತಿದ್ದವರು ಪಿಂಜಾರ ನಬೀಸಾಬರು. ಅವರ ಬದುಕಿನ ಕಥೆ ಬರೆಯಲು ಕುಳಿತಿರುವವನು ಆ ಗುಡಿಯ ಪೂಜಾರಿ ರೇವಣಯ್ಯ, ಅಂದರೆ ನಾನು. ಬರೆಯುವ ಯೋಗ್ಯತೆ ನನಗಿಲ್ಲ. ಆ ಮನುಷ್ಯನ ಮುಖಕ್ಕೆ ಮಸಿ ಬಳಿದವನೇ ಈಗ ನಾಲ್ಕು ಒಳ್ಳೆಯ ಮಾತು ಬರೆಯುತ್ತಿದ್ದಾನಲ್ಲ ಎಂದು ಯಾರಾದರೂ ಉಗುಳಿದರೆ, ಒರೆಸಿಕೊಂಡು ಮುಂದೆ ಬರೆಯುತ್ತೇನೆ.

ಮೊದಲು ಗುಡಿಯ ವಿಷಯ. ಗುಡಿ ಸಣ್ಣದು. ಗರ್ಭಗುಡಿಗೆ ಕಿಟಕಿಯಿಲ್ಲ, ಬಲಗೋಡೆಯಲ್ಲಿ ಅಂಗೈಯಗಲದ ಒಂದು ಕಲ್ಲಿನ ಜಾಲಂಧ್ರ ಮಾತ್ರ ಇದೆ. ಲಿಂಗದ ಹಿಂದಿನ ಗೂಡಿನಲ್ಲಿ ಕಂಚಿನ ಹಣತೆ ಉರಿಯುತ್ತದೆ. ಅದು ಉರಿದರೆ ಲಿಂಗ ಕಾಣುತ್ತದೆ, ಆರಿದರೆ ಒಳಗೆ ಏನೂ ಇಲ್ಲ. ನಮ್ಮಪ್ಪ ನನಗೆ ಪೂಜೆ ಕಲಿಸುವಾಗ ಹೇಳಿದ ಮೊದಲ ಮಾತು, "ಲಿಂಗ ಅಂದ್ರ ಕಲ್ಲಲ್ಲಪಾ, ನಿಂತ ಬೆಳಕು. ಕೈಗಿ ಸಿಗಲಿ ಅಂತ ಕಲ್ಲಾಗ್ಯದ." ಅದಕ್ಕೇ ಹಣತೆಯನ್ನು ಲಿಂಗದ ಮುಂದೆ ಇಡದೆ ಹಿಂದೆ ಇಟ್ಟಿದ್ದಾರೆ. ನೋಡುವವರಿಗೆ ಲಿಂಗದ ಸುತ್ತ ಬೆಳಕಿನ ಅಂಚು ಕಾಣಬೇಕು, ದೀಪ ಕಾಣಬಾರದು. ಹಣತೆಗೆ ದಿನಕ್ಕೆ ನಾಲ್ಕು ಸಲ ಎಣ್ಣೆ ಹಾಕಬೇಕು. ಗುಡಿಯ ಪೂಜೆ ನಮ್ಮ ಮೂರು ಅಣ್ಣತಮ್ಮಂದಿರ ಮನೆಗಳಿಗೆ ತಿಂಗಳ ಪಾಳಿಯಲ್ಲಿ ಬರುತ್ತದೆ.

ನಬೀಸಾಬರನ್ನು ನಾವೆಲ್ಲ ನಬೀ ಚಾಚಾ ಎನ್ನುತ್ತಿದ್ದೆವು. ಪಿಂಜಾರರ ಕಸುಬು ಹತ್ತಿ ಹಿಂಜುವುದು, ಗಾದಿ ತುಂಬುವುದು. ಹೆಗಲ ಮೇಲೆ ಆಳುದ್ದದ ಬಿಲ್ಲು ಹೊತ್ತು ಅವರು ಓಣಿಗೆ ಬಂದರೆ, ತಂತಿಯನ್ನು ಒಮ್ಮೆ ಮೀಟುತ್ತಿದ್ದರು. ಆ ಸದ್ದಿಗೆ ಹೆಂಗಸರು ಗಂಟು ಕಟ್ಟಿದ ಹಳೇ ಗಾದಿಗಳನ್ನು ಕಟ್ಟೆಗೆ ತಂದು ಹಾಕುತ್ತಿದ್ದರು. ಸಂಜೆ ಹೊತ್ತಿಗೆ ಚಾಚಾನ ಹುಬ್ಬು, ರೆಪ್ಪೆ, ಗಡ್ಡವೆಲ್ಲ ಬೆಳ್ಳಗಾಗಿರುತ್ತಿತ್ತು. ನಮ್ಮವ್ವ ನನ್ನನ್ನು ಹೆತ್ತಾಗ ಮಲಗಿದ ಗಾದಿ ಅವರು ಮೀಸೆ ಚಿಗುರುವ ವಯಸ್ಸಿನಲ್ಲಿ ತುಂಬಿದ್ದಂತೆ. ಅಂದರೆ ನಾನು ಮೊದಲು ಬೆನ್ನು ಊರಿದ್ದೇ ಅವರ ಹತ್ತಿಯ ಮೇಲೆ.

ನಂದಾದೀಪದ ಬತ್ತಿ ಅವರ ಮನೆಯಿಂದ ಬರುವುದು ಯಾವ ಕಾಲದಿಂದ ಶುರುವಾಯಿತೋ ಯಾರಿಗೂ ಗೊತ್ತಿಲ್ಲ. ನಾನೊಮ್ಮೆ ಕೇಳಿದ್ದಕ್ಕೆ ಚಾಚಾ, "ನಮ್ಮ ಅಬ್ಬಾ ಮಾಡ್ತಿದ್ರು, ನಾ ಮಾಡಾಕತ್ತೇನಿ," ಎಂದಷ್ಟೇ ಹೇಳಿದ್ದರು. ಮಂಠಾಳದ ಕಡೆಯ ಹೊಲದಿಂದ ಆರಿಸಿ ತಂದ ಹತ್ತಿ, ಬೀಜ ಬಿಡಿಸುವುದು ಕೈಯಿಂದಲೇ. ಭಾನುವಾರ ಸ್ನಾನ ಮಾಡಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊಸೆಯುತ್ತಿದ್ದರು. ಸೋಮವಾರ ಹೊತ್ತು ಹುಟ್ಟುವ ಮೊದಲು ಗುಡಿಯ ಮೆಟ್ಟಿಲಲ್ಲಿ ನಿಂತು ಬತ್ತಿ ಕೊಡುತ್ತಿದ್ದರು. ಹಳೇ ಬತ್ತಿಯ ಉರಿಯಿಂದ ಹೊಸ ಬತ್ತಿ ಹಚ್ಚಿ, ಹಳೆಯದರ ಉಳಿದ ತುಂಡನ್ನು ಬಿಲ್ವದೆಲೆಯಲ್ಲಿಟ್ಟು ಕೊಬ್ಬರಿ ಚೂರಿನ ಜೊತೆ ಅವರಿಗೆ ತಿರುಗಿ ಕೊಡಬೇಕು. ಅದೂ ಪದ್ಧತಿಯೇ. ಚಾಚಾ ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿ, ಬೆರಳಲ್ಲಿ ಉಜ್ಜಿ, "ಈ ವಾರ ಜರಾ ಬಿಗಿ ಆಗ್ಯದ್ರಿ ಅಯ್ಯೋರ," ಎನ್ನುತ್ತಿದ್ದರು. ಮುಂದಿನ ವಾರ ಸಡಿಲ ಹೊಸೆಯುತ್ತಿದ್ದರು. ವೈದ್ಯರು ನಾಡಿ ನೋಡಿದ ಹಾಗೆ ನೋಡುತ್ತಾರಲ್ಲ ಎಂದು ನನಗೆ ಒಳಗೊಳಗೇ ನಗು.

ಇನ್ನು ನನ್ನ ಘನಕಾರ್ಯ. ಹನ್ನೊಂದು ವರ್ಷದ ಹಿಂದೆ, ಮಾಘ ಮಾಸದ ಒಂದು ಗುರುವಾರ, ಪಾಳಿ ನನ್ನದು. ಹಳ್ಳಿಖೇಡದಲ್ಲಿ ಒಂದು ಮದುವೆ. ಆ ಮನೆಯವರ ತುಪ್ಪದ ಹೋಳಿಗೆ ಇಡೀ ತಾಲೂಕಿಗೆ ಹೆಸರಾದದ್ದು, ನಾನೋ ಹೆಸರಾದ ಹೊಟ್ಟೆಬಾಕ. ಬೆಳಗಿನ ಪೂಜೆಯನ್ನು ಗಡಿಬಿಡಿಯಲ್ಲಿ ಮುಗಿಸಿ, ಹಣತೆಗೆ ಎಣ್ಣೆ ಹಾಕಿ, ಗುಡಿಗೆ ಬೀಗ ಜಡಿದು ಹೊರಟೆ. ಹನ್ನೆರಡಕ್ಕೆ ಬಂದು ಮತ್ತೆ ಎಣ್ಣೆ ಹಾಕುವ ಲೆಕ್ಕ. ಆದರೆ ಮೊದಲ ಪಂಕ್ತಿ ತಪ್ಪಿತು. ಬರಿಹೊಟ್ಟೆಯಲ್ಲಿ ತಿರುಗಿ ಬರುವ ಬದಲು ಎರಡನೆಯದಕ್ಕೆ ಕುಳಿತೆ. ಏಳು ಹೋಳಿಗೆ ತಿಂದೆ. ಬರುವಾಗ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಿದ್ದು, ಎರಡು ತಾಸು ಗಾಡಿಗಳು ಕದಲಲಿಲ್ಲ. ತಪ್ಪನ್ನು ಟ್ರ್ಯಾಕ್ಟರಿನ ಮೇಲೆ ಹಾಕಬಹುದೆಂದು ಮನಸ್ಸಿನಲ್ಲೇ ಬಹಳ ವರ್ಷ ಹಾಕಿದೆ. ಹನ್ನೆರಡಕ್ಕೆ ನಾನು ಇನ್ನೂ ಎಲೆಯ ಮುಂದೆಯೇ ಇದ್ದೆ ಎಂಬುದು ನನಗೆ ಗೊತ್ತು.

ನಾಲ್ಕೂವರೆಗೆ ಗುಡಿ ಮುಟ್ಟಿದಾಗ ಅಂಗಳ ಗುಡಿಸುವ ಕಮಳಾಬಾಯಿ ಮೆಟ್ಟಿಲ ಬಳಿ ನಿಂತಿದ್ದಳು. ಅವಳು ಒಳಗೆ ಬರುವುದಿಲ್ಲ, ದಿನಾ ಜಾಲಂಧ್ರದಿಂದಲೇ ಕೈಮುಗಿಯುತ್ತಾಳೆ. ಬಾ ಎಂದು ನಾವೂ ಎಂದೂ ಕರೆದಿರಲಿಲ್ಲ.

"ಅಯ್ಯೋರ, ಎರಡಕ್ಕ ಹಣಿಕಿ ನೋಡ್ದೆ, ಒಳಗ ಕತ್ತಲಿ ಅದ," ಅಂದಳು. "ಸಾಹುಕಾರ್ರಿಗಿ ಹೇಳಿ ಕಳಿಸೀನಿ."

ಓಡಿ ಬೀಗ ತೆಗೆದೆ. ಹಣತೆ ಒಣಗಿತ್ತು. ಬತ್ತಿಯನ್ನು ಕಿತ್ತು ಬಾಗಿಲ ಹೊರಗಿನ ನಿರ್ಮಾಲ್ಯದ ಬುಟ್ಟಿಗೆ ಎಸೆದೆ. ಡಬ್ಬಿ ಬಗ್ಗಿಸಿ ಹಣತೆಯ ತುಂಬ ಎಣ್ಣೆ ಸುರಿದೆ. ಯಾರು ಹೇಳಿಕೊಟ್ಟರು ನನಗೆ ಇದನ್ನು? ಯಾರೂ ಇಲ್ಲ. ಕೈಗಳು ತಾವೇ ಮಾಡಿದವು.

ಗುಡಿ ಕಮಿಟಿಯ ಅಧ್ಯಕ್ಷ ಪಂಡರಿ ಸಾಹುಕಾರರು ನಾಲ್ಕು ಮಂದಿಯೊಂದಿಗೆ ಬಂದರು. ಬಗ್ಗಿ ಹಣತೆ ನೋಡಿದರು.

"ಎಣ್ಣಿ ತುಂಬ ಅದಲ್ರಿ. ಮತ್ತ ಯಾಕ ಆರಿತು?"

"ಬತ್ತಿ ಸರಿ ಇದ್ದಿಲ್ರಿ," ಅಂದೆ.

"ನೀವು ಮದವಿಗಿ ಹೋಗಿದ್ರಿ ಅಂದ್ರಲ್ಲ?"

"ಹೋಗಿ ಹನ್ನೆರಡಕ್ಕ ತಿರುಗಿ ಬಂದೆನ್ರಿ. ಎಣ್ಣಿ ಹಾಕಿ ಮನಿಗಿ ಹೋಗಿದ್ದೆ."

ಜಾಲಂಧ್ರದ ಆಚೆ ಕಮಳಾಬಾಯಿ ನಿಂತಿದ್ದಳು. ನಾನು ಅತ್ತ ನೋಡಿದೆ. ಅವಳು ಕೈಯಲ್ಲಿದ್ದ ಪೊರಕೆ ನೋಡಿದಳು. ಬಂದವರಲ್ಲಿ ಒಬ್ಬ, "ಸಾಬರ ಕೈಯಾಗಿನ ಬತ್ತಿ ಇಟ್ರ ಮತ್ತೇನಾಗ್ತದ್ರಿ," ಎಂದ. ಉಳಿದವರು ತಲೆಯಾಡಿಸಿದರು. ನನ್ನ ಮಾತು ಯಾವ ಕಿವಿಗೆ ಹೋಗಿ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ ಎಂದು ಹೇಳುವುದಿಲ್ಲ. ಗೊತ್ತಿತ್ತು. ಆ ಹೊತ್ತಿಗೆ ನನಗೆ ಅನಿಸಿದ್ದು ಒಂದೇ, ಬದುಕಿಕೊಂಡೆ. ಶುದ್ಧಿ ಮಾಡಿ ಕರ್ಪೂರದಿಂದ ದೀಪ ಹಚ್ಚಿದೆವು. ಇನ್ನು ಮೇಲೆ ಬತ್ತಿ ಬೇಡವೆಂದು ನಬೀಸಾಬರಿಗೆ ಹೇಳಿಬರಲು ಸಾಹುಕಾರರು ಕಮಳಾಬಾಯಿಯನ್ನು ಕಳಿಸಿದರು. ಪೇಟೆಯಿಂದ ಪಾಕೀಟಿನ ಬತ್ತಿ ಬಂತು.

ಚಾಚಾ ಬಂದು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಬರಲಿಲ್ಲ. ಓಣಿಯವರು ಅವರಿಗೆ 'ದೀಪ ಆರಿಸಿದ ಸಾಬ' ಎಂದು ಹೆಸರಿಟ್ಟರು. ಮದುವೆ ಮನೆಗಳು ಗಾದಿಗೆ ಅವರನ್ನು ಕರೆಯುವುದು ಬಿಟ್ಟವು. ಸ್ಪಂಜಿನ ಗಾದಿ ಬಂದು ಆ ಕಸುಬು ಹೇಗೂ ಸಾಯುತ್ತಿತ್ತು ಎಂದು ನಾನು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ, ಸಮಾಧಾನ ಹೇಳುವುದರಲ್ಲಿ ನಾನು ಜಾಣ. ದಾರಿಯಲ್ಲಿ ಸಿಕ್ಕರೆ ಚಾಚಾ ಎಂದಿನಂತೆ, "ಆರಾಮ ಇದ್ದೀರೇನ್ರಿ ಅಯ್ಯೋರ?" ಎನ್ನುತ್ತಿದ್ದರು. ನಾನು ಬೇರೆ ಓಣಿ ಹಿಡಿದು ಓಡಾಡಲು ಕಲಿತೆ. ಒಂದೂವರೆ ವರ್ಷಕ್ಕೆ ಅವರು ಹೆಂಡತಿ ಮುನ್ನಿ ಬೀಯೊಂದಿಗೆ ಬಸವಕಲ್ಯಾಣಕ್ಕೆ, ಮಗಳು ಮೀನಾಜಳ ಮನೆಗೆ ಹೋದರು. ಆ ದಿನ ನಾನು ಎರಡು ಹೊತ್ತೂ ಸುಖವಾಗಿ ಉಂಡೆ. ಇದನ್ನೂ ಬರೆಯಬೇಕು.

ಸುಖ ಬಹಳ ದಿನ ಉಳಿಯಲಿಲ್ಲ, ಅದಕ್ಕೆ ಕಾರಣ ಶಿವನದೇ ಕಥೆ. ಪ್ರತಿ ಶಿವರಾತ್ರಿಯ ಸಂಜೆ ಆರತಿಗೆ ಮೊದಲು ನಾನು ಬೆಳಕಿನ ಕಂಬದ ಕಥೆ ಹೇಳಬೇಕು. ಬ್ರಹ್ಮ ವಿಷ್ಣು ಇಬ್ಬರೂ ನಾ ದೊಡ್ಡವ ನೀ ದೊಡ್ಡವ ಎಂದು ಜಗಳಾಡುವಾಗ ನಡುವೆ ಬೆಳಕಿನ ಕಂಬವಾಗಿ ಶಿವ ನಿಲ್ಲುತ್ತಾನೆ. ತುದಿ ಕಂಡವ ದೊಡ್ಡವ. ವಿಷ್ಣು ಬುಡ ಹುಡುಕಿ ಸಿಗಲಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಬ್ರಹ್ಮ ಮೇಲೆ ಹಾರಿ, ತುದಿ ಸಿಗದಿದ್ದರೂ ಕಂಡೆ ಎನ್ನುತ್ತಾನೆ. ಮೇಲಿನಿಂದ ಉದುರುತ್ತಿದ್ದ ಕೇದಗೆ ಹೂವನ್ನು ಸಾಕ್ಷಿ ಹೇಳಲು ಕರೆತರುತ್ತಾನೆ. ಹೌದು ಕಂಡರು ಎಂದು ಹೂವು ಬೆಳಕಿನ ಮುಂದೆಯೇ ನಿಂತು ಸುಳ್ಳು ಹೇಳುತ್ತದೆ. ಅದಕ್ಕೇ ಅಷ್ಟು ಪರಿಮಳವಿದ್ದರೂ ಕೇದಗೆ ಶಿವನ ತಲೆಗೇರುವುದಿಲ್ಲ.

ಆ ಮಾತು ಬಂದಾಗಲೆಲ್ಲ ನನಗೆ ಬೆವರು. ಬೆನ್ನ ಹಿಂದೆ ಹಣತೆ ಉರಿಯುತ್ತಿರುತ್ತದೆ. ಹೂವಾದರೂ ಬ್ರಹ್ಮ ಕರೆದದ್ದಕ್ಕೆ ಬಂತು, ನನ್ನನ್ನು ಯಾರೂ ಕರೆದಿರಲಿಲ್ಲ. ಒಂದು ವರ್ಷ ಹೂವನ್ನು ಬಿಟ್ಟೇ ಕಥೆ ಹೇಳಿದೆ. ಮರುದಿನ ಇಬ್ಬರು ಹೆಂಗಸರು, "ಕೇದಗಿ ಹೂವಿಂದ ಯಾಕ ಹೇಳಲಿಲ್ರಿ?" ಎಂದು ಕೇಳಿದರು. ಮರೆತೆ ಎಂದೆ.

ಈ ವರ್ಷ ಶಿವರಾತ್ರಿಗೆ ವಾರವಿರುವಾಗ ಕಮಿಟಿಯ ಸಭೆಯಾಯಿತು. ಪಾಕೀಟಿನ ಬತ್ತಿ ಬಂದಾಗಿನಿಂದ ದೀಪ ಮೂರ್ನಾಲ್ಕು ಸಲ ಆರಿತ್ತು. ಪಂಡರಿ ಸಾಹುಕಾರರು ಮೇಜಿನ ಮೇಲೆ ಒಂದು ಡಬ್ಬಿ ಇಟ್ಟರು. ಒಳಗೆ ಕರೆಂಟಿನ ದೀಪ. ಸ್ವಿಚ್ ಹಾಕಿದರೆ ಪ್ಲಾಸ್ಟಿಕ್ಕಿನ ಜ್ವಾಲೆ ಓಲಾಡುತ್ತದೆ.

"ಆ ಸಾಬನ ಬತ್ತಿ ಕೆಟ್ಟಾಗಿಂದ ನಮ್ಮ ದೀಪಕ್ಕ ಶನಿ ಹತ್ಯದ," ಎಂದರು. "ಈ ಶಿವರಾತ್ರಿಗಿ ಎಣ್ಣಿ ದೀಪ ತಗದುಬಿಡೂನು. ಇನ್ವರ್ಟರ್ ಅದ, ಆರೂ ಮಾತೇ ಇಲ್ಲ."

ಎಲ್ಲರೂ ಒಪ್ಪಿದರು. ಮನೆಗೆ ಬಂದು ಉಣ್ಣಲು ಕುಳಿತರೆ ತುತ್ತು ಇಳಿಯಲಿಲ್ಲ, ನನ್ನಂಥವನಿಗೂ. ನನ್ನ ಸುಳ್ಳು ಹನ್ನೊಂದು ವರ್ಷದಿಂದ ಒಬ್ಬ ಮನುಷ್ಯನನ್ನು ತಿಂದು, ಈಗ ದೀಪವನ್ನೇ ತಿನ್ನಲು ಹೊರಟಿತ್ತು. ಮರುದಿನ ಬಸವಕಲ್ಯಾಣದ ಬಸ್ಸು ಹತ್ತಿದೆ.

ಕೋಟೆಯ ಹಿಂದಿನ ಓಣಿಯಲ್ಲಿ ಮೀನಾಜಳ ಮನೆ. ಚಾಚಾ ಬಿಸಿಲಿಗೆ ಮಂಚ ಹಾಕಿಕೊಂಡು ಕುಳಿತಿದ್ದರು. ಎಪ್ಪತ್ತನಾಲ್ಕು ವರ್ಷ, ಕೈ ನಡುಗುತ್ತಿತ್ತು. ನನ್ನನ್ನು ಗುರುತಿಸಿ ಏಳಲು ಹೋದರು. "ಬರ್ರಿ ಅಯ್ಯೋರ, ಕೂಡ್ರಿ. ಮುನ್ನಿ, ಚಹಾ ಇಡು."

ಮುನ್ನಿ ಬೀ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು. "ಈಗ ಬಂದ್ರೇನು?" ಎಂದರು. ಚಹಾ ಇಡಲು ಹೋಗಲಿಲ್ಲ.

ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಹೋಳಿಗೆ, ಒಣಗಿದ ಹಣತೆ, ಸುರಿದ ಎಣ್ಣೆ, ಹನ್ನೆರಡಕ್ಕೆ ಬಂದೆನೆಂದ ಸುಳ್ಳು. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಅಸಹ್ಯವಾಯಿತು. ಚಾಚಾ ಕೇಳಿಸಿಕೊಂಡು ಹೆಂಡತಿಯ ಕಡೆ ತಿರುಗಿ, "ಆ ಡಬ್ಬಿ ತಾ," ಎಂದರು.

ಮುನ್ನಿ ಬೀ ತುಕ್ಕು ಹಿಡಿದ ಒಂದು ಬಿಸ್ಕೀಟ್ ಡಬ್ಬಿ ತಂದು ನನ್ನ ಮುಂದೆ ಕುಕ್ಕಿದರು. ಚಾಚಾ ಅದರಿಂದ ಬಿಲ್ವದೆಲೆಯ ಪುಡಿ ಅಂಟಿದ ಕಾಗದದ ಪೊಟ್ಟಣ ಬಿಚ್ಚಿದರು. ಒಳಗೊಂದು ಬತ್ತಿ, ತುದಿಯಿಂದ ಬಾಲದವರೆಗೆ ಕರಕಲು.

"ಬತ್ತಿ ಕೆಟ್ಟು ದೀಪ ಆರಿದ್ರ ತುದಿ ಅಷ್ಟ ಕರ್ರಗಾಗ್ತದ್ರಿ, ಬಾಲ ಎಣ್ಣ್ಯಾಗ ಬೆಳ್ಳಗ ಉಳೀತದ," ಎಂದರು. "ಎಣ್ಣಿ ತೀರಿದ್ರ ಬತ್ತಿ ತನ್ನನ್ನ ತಾನ ಸುಟ್ಟಕೋತದ. ಹಿಂಗ. ಕಮಳಾಬಾಯಿ ಆವತ್ತ ಸಂಜೀಕೇ ಬುಟ್ಟ್ಯಾಗಿಂದ ಆರಿಸಿ ತಂದು ಕೊಟ್ಟಳು. ತುಂಡ ತಿರುಗಿ ಕೊಡೂದು ಪದ್ಧತಿ ಅಲ್ರಿ?"

"ಆವತ್ತೇ ಗೊತ್ತಿತ್ತೇನು ಚಾಚಾ? ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನಿಮ್ಮ ಪಾಳಿ ಹೋಗ್ತಿತ್ತು. ನಾ ಗಾದಿ ಹೊಲದು ಉಣ್ತೀನಿ. ನಿಮಗ ಬ್ಯಾರೆ ಏನ ಬರ್ತದ?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ನೀವೇ ಬರ್ತೀರಿ ಅಂತ ತಿಳದಿದ್ದೆ. ನಾಳಿ ಬರ್ತೀರಿ, ಸ್ವಾಮಾರ ಬರ್ತೀರಿ," ಎಂದರು.

ಮುನ್ನಿ ಬೀ ಡಬ್ಬಿಯನ್ನು ನೆಲಕ್ಕೆ ಬೋರಲು ಹಾಕಿದರು. ಬಿಳೀ ಬತ್ತಿಗಳು ಹರಡಿಕೊಂಡವು, ಒಂದೂ ಉರಿಯದವು. "ಎಣಿಸ್ರಿ," ಎಂದರು. "ಒಂದ ವರ್ಷ ಪೂರಾ. ಪ್ರತಿ ಐತವಾರ ಜಳಕ ಮಾಡಿ ಹೊಸ್ದು ಇಡ್ತಿದ್ರು. ಬ್ಯಾಡ ಅಂದ್ರ ಕೇಳ್ತಿದ್ದಿಲ್ಲ. ಅಯ್ಯೋರು ಬಂದ್ರ ಬತ್ತಿ ಇಲ್ಲ ಅಂತ ಹ್ಯಾಂಗ ಹೇಳೂದು ಅಂತಿದ್ರು."

ಎಣಿಸಲು ನನ್ನಿಂದಾಗಲಿಲ್ಲ. ನೆಲದಲ್ಲಿ ಕುಳಿತು ಅವನ್ನು ಆರಿಸಿ ಡಬ್ಬಿಗೆ ತುಂಬುತ್ತ ಅತ್ತೆ. ಕಣ್ಣೊರೆಸಿಕೊಂಡು, "ಒಂದ ಬತ್ತಿ ಕೊಡು ಚಾಚಾ, ಶಿವರಾತ್ರಿಗಿ ಹಚ್ತೀನಿ," ಎಂದೆ. ಅತ್ತ ಮೇಲೆ ಕೆಲಸ ಮುಗಿಯಿತು ಎಂಬ ಲೆಕ್ಕ ನನ್ನೊಳಗೆ ಆಗಲೂ ಇತ್ತು ಅಂತ ಕಾಣುತ್ತದೆ.

ಚಾಚಾ ಡಬ್ಬಿಯ ಮುಚ್ಚಳ ಹಾಕಿದರು. "ಮೊದಲ ಅಲ್ಲಿ ಹೇಳಿ ಬರ್ರಿ ಅಯ್ಯೋರ. ಆಮ್ಯಾಲ ಬತ್ತಿ ಒಯ್ಯಿರಿ."

ಶಿವರಾತ್ರಿಯ ಸಂಜೆ ಗುಡಿಯ ತುಂಬ ಜನ. ಗೂಡಿನ ಪಕ್ಕದಲ್ಲಿ ಕರೆಂಟಿನ ದೀಪ ಸಿದ್ಧವಾಗಿತ್ತು. ನಾನು ಬೆಳಕಿನ ಕಂಬದ ಕಥೆ ಹೇಳುತ್ತ ಹೋದೆ. ಕೇದಗೆ ಹೂವಿನ ಹತ್ತಿರ ಬಂದು ಕಥೆ ನಿಲ್ಲಿಸಿದೆ. ಪಾಳಿ ಹೋದರೆ ಹೆಂಡತಿ ಮಕ್ಕಳ ಗತಿ ಏನು ಎಂಬ ಯೋಚನೆ ಅಷ್ಟರಲ್ಲೇ ಬಂದು ಹೋಯಿತು. "ಇನ್ನ ಈ ಗುಡಿಯಾಗ ಸುಳ್ಳ ಸಾಕ್ಷಿ ಹೇಳಿದಂವ ನಾನ್ರಿ," ಎಂದು ಶುರು ಮಾಡಿದೆ. ಏಳು ಹೋಳಿಗೆಯನ್ನೂ ಬಿಡದೆ ಹೇಳಿದೆ. ನಬೀಸಾಬರ ಬತ್ತಿ ಕೆಟ್ಟಿರಲಿಲ್ಲ, ಕೆಟ್ಟವನು ನಾನು ಎಂದೆ. ಬಯ್ಯುತ್ತಾರೆ, ಹೊರಗೆ ಹಾಕುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ.

ಆಮೇಲೆ ಪಂಡರಿ ಸಾಹುಕಾರರು, "ಅಯ್ಯೋರ, ಮನುಷ್ಯಾ ಅಂದ ಮ್ಯಾಲ ತಪ್ಪ ಆಗ್ತದ. ಹಳೇ ಮಾತ ಬಿಡ್ರಿ. ಆರತಿ ಮಾಡ್ರಿ, ಹೊತ್ತಾಯ್ತು," ಎಂದರು. "ಖರೆ ಹೇಳಾಕ ಧೈರ್ಯ ಬೇಕ್ರಿ," ಎಂದು ಇನ್ನೊಬ್ಬ ಹೊಗಳಿದ. ಅಂದು ಸಾಬರ ಕೈ ಎಂದಿದ್ದವನೇ ಅವನು. ಒಬ್ಬ ಹೆಂಗಸು ಬಂದು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಕಾಲು ಹಿಂದೆಳೆದುಕೊಳ್ಳಲೂ ನನಗೆ ತೋಚಲಿಲ್ಲ. ನನ್ನ ಪಾಳಿಯಲ್ಲಿ ನಬೀಸಾಬರ ಬತ್ತಿಯನ್ನೇ ಹಚ್ಚುತ್ತೇನೆಂದೆ. "ನಿಮ್ಮ ಪಾಳ್ಯಾಗ ನೀವು ಏನರೆ ಹಚ್ಚಿರಿ," ಎಂದು ಸಾಹುಕಾರರು ಕರೆಂಟಿನ ದೀಪವನ್ನು ಹೊರಗಿನ ಮಂಟಪದಲ್ಲಿ ಇಡಿಸಿದರು. ಅಲ್ಲಿಗೆ ಮುಗಿಯಿತು.

ಆರತಿಯ ನಂತರ ಜಾಲಂಧ್ರದ ಬಳಿ ಹೋದೆ. ಕಮಳಾಬಾಯಿ ಅಲ್ಲೇ ಇದ್ದಳು. "ಒಳಗ ಬಾರವ್ವ," ಎಂದೆ.

"ಇಷ್ಟ ವರ್ಷ ಇಲ್ಲಿಂದನ ಕಂಡದ, ಇವತ್ತೂ ಕಾಣ್ತದ್ರಿ," ಎಂದಳು. ಆಮೇಲೆ ಹೇಳಿದಳು, "ನಬೀ ಭಾಯಿ ಮ್ಯಾಲಿನ ಮಾತ ಹೋಗಾಕ ಹನ್ನೊಂದ ವರ್ಷ ಹತ್ತಿತು. ನಿಮಗ ಮಾಫಿ ಸಿಗಾಕ ಒಂದ ನಿಮಿಷ ಹತ್ತಲಿಲ್ಲ ನೋಡ್ರಿ."

ಬೆಳಗಾದ ಮೇಲೆ ಬಸವಕಲ್ಯಾಣಕ್ಕೆ ಹೋಗಿ, "ಹೇಳಿದೆ ಚಾಚಾ," ಎಂದೆ.

"ಏನಂದ್ರು?"

"ಬಿಡ್ರಿ ಅಂದ್ರು."

ಚಾಚಾ ಕೋಟೆಯ ಗೋಡೆಯ ಕಡೆ ತಿರುಗಿದರು. "ಛಲೋ ಆಯ್ತು," ಎಂದರು. ಆಮೇಲೆ, "ನನಗ ಆವತ್ತ ಯಾರೂ ಏನೂ ಕೇಳಲೇ ಇಲ್ರಿ," ಎಂದರು. ಡಬ್ಬಿಯ ಬತ್ತಿ ಹಳತಾಗಿದೆ, ನಡೆಯುವುದಿಲ್ಲವೆಂದು ಅವರು ಹೊಸ ಹತ್ತಿ ತರಿಸಿದರು. ಮುನ್ನಿ ಬೀ ಒಂದು ತುದಿ ಹಿಡಿದರು, ಚಾಚಾ ನಡುಗುವ ಕೈಯಲ್ಲಿ ಹೊಸೆದರು. ಬತ್ತಿ ಮೊದಲಿನಷ್ಟು ನುಣುಪಾಗಲಿಲ್ಲ. ಅಂದು ಮುನ್ನಿ ಬೀ ಚಹಾ ಕೊಟ್ಟರು, ಮಾತು ಕೊಡಲಿಲ್ಲ.

ಒಂದು ವಾರ ಆ ಬತ್ತಿ ಉರಿಯಿತು. ನಾನು ನಾಲ್ಕು ಹೊತ್ತೂ ಎಣ್ಣೆ ಹಾಕಿದೆ, ಊರು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ವಾರ ತುಂಬಿದ ದಿನ ಉಳಿದ ತುಂಡನ್ನು ಬಿಲ್ವದೆಲೆಯಲ್ಲಿಟ್ಟು, ಕೊಬ್ಬರಿ ಚೂರಿನ ಜೊತೆ ಜೇಬಿನಲ್ಲಿಟ್ಟುಕೊಂಡು, ಮಧ್ಯಾಹ್ನದ ಎಣ್ಣೆಯನ್ನು ಅಣ್ಣತಮ್ಮಂದಿರಿಗೆ ಒಪ್ಪಿಸಿ ಬಸ್ಸು ಹತ್ತಿದೆ. ಚಾಚಾ ಅದನ್ನು ಬೆಳಕಿಗೆ ಹಿಡಿದು ನೋಡಿದರು, ಬೆರಳಲ್ಲಿ ಉಜ್ಜಿದರು. ಪರೀಕ್ಷೆಗೆ ಕುಳಿತವನ ಹಾಗೆ ನಾನು ಎದುರಿಗೆ ನಿಂತಿದ್ದೆ.

"ಬಾಲ ಬೆಳ್ಳಗದ," ಎಂದರು. "ಎಣ್ಣಿ ಬರೋಬರ್ ಹಾಕೀರಿ ಅಯ್ಯೋರ."

ಐವತ್ತೆರಡು ವರ್ಷದ ಮನುಷ್ಯ ನಾನು. ಅಷ್ಟು ಮಾತಿಗೆ ಮುಖವೆತ್ತಿ ಅವರನ್ನು ನೋಡಲು ಹೋದೆ, ಆಗಲಿಲ್ಲ.